ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಇನ್‌ಪುಟ್ ಶಾಫ್ಟ್ ಎಂಡ್ ಪ್ಲೇ 0.40 ಬಂತು, ಆದ್ರೂ ಕೈಗೆ ಜಾಸ್ತಿ ಅನಿಸ್ತಿದೆ

ಬಿಎಂ ರೋಡ್ ಗ್ಯಾರೇಜ್, ಹಾಸನ (ಸೋಮವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಒಂದು ಅಳತೆ ವಿಚಾರದಲ್ಲಿ ಮನಸ್ಸಿಗೆ ಸಮಾಧಾನ ಆಗ್ತಿಲ್ಲ. ತಿಳಿದವರು ಹೇಳಿ.

ಗಾಡಿ ಸಕಲೇಶಪುರದ ಹತ್ತಿರ ತೋಟದವರದ್ದು. ಹೊರದೇಶದಿಂದ ಬಂದ ಹಳೇ ಡೀಸೆಲ್ ಎಸ್‌ಯುವಿ. ಒಳಗಿರುವುದು ಎ340 ಮಾದರಿಯ ನಾಲ್ಕು ಸ್ಪೀಡಿನ ಬಾಕ್ಸು. ಶಿರಾಡಿ ಘಾಟಿ ಹತ್ತುವಾಗ ಬಿಸಿಯಾದ ಮೇಲೆ ಸ್ಲಿಪ್ ಆಗುತ್ತಿತ್ತು. ಆಯಿಲ್ ಕಾಫಿ ಡಿಕಾಕ್ಷನ್ ತರ ಕಪ್ಪು, ಸುಟ್ಟ ವಾಸನೆ ಬೇರೆ. ಬಿಚ್ಚಿದರೆ ಕ್ಲಚ್ ಪ್ಲೇಟುಗಳು ಬೆಂದು ಹೋಗಿವೆ. ಪಂಪಿನ ಬುಷ್ ಕೂಡ ಗೀರು ಬಿದ್ದು ಹಾಳಾಗಿತ್ತು. ಪ್ಲೇಟು, ಸೀಲು, ರಿಂಗು ಎಲ್ಲಾ ಹೊಸದು ಹಾಕಿದೆ. ಪಂಪ್ ಮಾತ್ರ ಅದೇ ಮಾದರಿಯ ಇನ್ನೊಂದು ಬಾಕ್ಸಿನದು, ಒಳ್ಳೇ ಸ್ಥಿತಿಯಲ್ಲಿದೆ.

ಇವತ್ತು ಪಂಪ್ ಕೂರಿಸಿ, ಬೋಲ್ಟ್ ಟಾರ್ಕ್ ಮಾಡಿ, ಡಯಲ್ ಗೇಜ್ (ಎಷ್ಟು ಸರಿಯಿತು ಅಂತ ಮುಳ್ಳಿನಲ್ಲಿ ತೋರಿಸುವ ಮಾಪಕ) ಇಟ್ಟು ನೋಡಿದೆ. ಇನ್‌ಪುಟ್ ಶಾಫ್ಟ್ ಎಂಡ್ ಪ್ಲೇ 0.40 ಬಂತು. ಮ್ಯಾನ್ಯುಯಲ್‌ನಲ್ಲಿ 0.3ರಿಂದ 0.9 ಮಿ.ಮೀ. ಅಂತಿದೆ. ಅಂದ್ರೆ ಸರಿ ಇದೆ ಅಲ್ವಾ? ಆದರೆ ಶಾಫ್ಟ್ ಎತ್ತಿ ಬಿಟ್ಟರೆ ಟಕ್ ಅಂತ ಬೀಳುತ್ತೆ. 0.40ಕ್ಕೆ ಆ ಸದ್ದು ಬರಲ್ಲ ಅಂತ ಕೈ ಹೇಳ್ತಿದೆ. ಎರಡು ಸಲ ಅಳೆದೆ, ಎರಡು ಸಲಾನೂ ಅಷ್ಟೇ. ಬೆಲ್ ಹೌಸಿಂಗ್ (ಇಂಜಿನ್ ಕಡೆಯ ಕವಚ) ಹಾಕಿ ಮುಂದೆ ಹೋಗಲಾ, ನಿಲ್ಲಿಸಲಾ?

ಕಡೂರು ಡ್ರೈವರ್ (ಸೋಮವಾರ ರಾತ್ರಿ 10:05)

ಅಣ್ಣ, ನಾನು ಗಾಡಿ ಓಡಿಸೋನು, ಬಿಚ್ಚೋನಲ್ಲ. ಎಂಡ್ ಪ್ಲೇ ಅಂದ್ರೆ ಬೇರಿಂಗ್ ಅಲ್ಲಾಡೋದಾ? ಅದು ಇರಲೇಬಾರದು ಅಲ್ವಾ? 0.9 ತನಕ ಇರಬಹುದು ಅಂತ ಮ್ಯಾನ್ಯುಯಲ್ಲೇ ಯಾಕೆ ಹೇಳುತ್ತೆ?

ಸಕಲೇಶಪುರ, ಮಸ್ಕತ್ 11 ವರ್ಷ (ಸೋಮವಾರ ರಾತ್ರಿ 10:30)

ಕಡೂರಿನವರೇ, ಶಾಫ್ಟ್ ಎರಡು ತರ ಅಲ್ಲಾಡಬಹುದು. ಪಕ್ಕಕ್ಕೆ ಅಲ್ಲಾಡಿದರೆ ಬುಷ್ ಸವೆದಿದೆ ಅಂತ ಅರ್ಥ. ಉದ್ದಕ್ಕೆ, ಬಾಗಿಲ ಚಿಲಕ ಸರಿದ ಹಾಗೆ ಹಿಂದೆ ಮುಂದೆ ಸರಿದರೆ ಅದು ಎಂಡ್ ಪ್ಲೇ. ಅದು ಸ್ವಲ್ಪ ಇರಲೇಬೇಕು. ಕೇಸ್ ಅಲ್ಯೂಮಿನಿಯಂ, ಒಳಗಿನ ಶಾಫ್ಟು ಡ್ರಮ್ಮು ಜಾಸ್ತಿ ಉಕ್ಕು. ಬಿಸಿಯಾದಾಗ ಎರಡೂ ಒಂದೇ ತರ ಹಿಗ್ಗಲ್ಲ. ಥ್ರಸ್ಟ್ ಬೇರಿಂಗ್ ಮಧ್ಯೆ ಆಯಿಲ್ ಓಡಾಡೋಕೂ ಜಾಗ ಬೇಕು. ಪ್ಲೇ ಸೊನ್ನೆ ಆದರೆ ಬೇರಿಂಗ್ ಒತ್ತಿಕೊಂಡೇ ತಿರುಗಿ ಸುಡುತ್ತೆ. ಜಾಸ್ತಿ ಆದರೆ ಪ್ರತಿ ಸಲ ಗೇರ್ ಹಾಕಿದಾಗ, ಆಕ್ಸಿಲರೇಟರ್ ಬಿಟ್ಟಾಗ ಡ್ರಮ್ಮು ಹಿಂದೆ ಮುಂದೆ ಹೊಡೆದುಕೊಳ್ಳುತ್ತೆ. ಸೀಲ್ ರಿಂಗುಗಳು ತಮ್ಮ ಕಾಲುವೆಯಲ್ಲೇ ಉಜ್ಜಿ ಸವೆಯುತ್ತವೆ. ಆಮೇಲೆ ಪ್ರೆಷರ್ ಸೋರುತ್ತೆ, ಕ್ಲಚ್ ಸರಿಯಾಗಿ ಹಿಡಿಯಲ್ಲ, ಸ್ಲಿಪ್ ಆಗುತ್ತೆ, ಪ್ಲೇಟು ಬೇಯುತ್ತೆ.

ಹಾಸನದವರೇ, ಸ್ಲಿಪ್ ಆಗಿ ಪ್ಲೇಟು ಬೆಂದ ಬಾಕ್ಸು ನಿಮ್ಮ ಮೇಜಿನ ಮೇಲೇ ಇದೆ. ಬಿಚ್ಚುವ ಮೊದಲು ಎಂಡ್ ಪ್ಲೇ ಅಳೆದಿದ್ರಾ?

ಬಿಎಂ ರೋಡ್ ಗ್ಯಾರೇಜ್, ಹಾಸನ (ಸೋಮವಾರ ರಾತ್ರಿ 10:42)

ಇಲ್ಲ ಅಣ್ಣ. ನೇರವಾಗಿ ಬಿಚ್ಚಿಬಿಟ್ಟೆ.

ಸಕಲೇಶಪುರ, ಮಸ್ಕತ್ 11 ವರ್ಷ (ಸೋಮವಾರ ರಾತ್ರಿ 10:58)

ಮುಂದಿನ ಬಾಕ್ಸಿಗೆ ಮರೀಬೇಡಿ. ಬಾಕ್ಸು ಬಂದ ತಕ್ಷಣ, ಪಂಪ್ ಬೋಲ್ಟಿಗೆ ಸ್ಪ್ಯಾನರ್ ಹಾಕೋ ಮೊದಲು ಅಳೆದು ಕೇಸಿನ ಮೇಲೇ ಮಾರ್ಕರ್‌ನಲ್ಲಿ ಬರೆದುಬಿಡಿ. ಅದು ಹತ್ತು ನಿಮಿಷದ ಕೆಲಸ. ಹಳೇ ಅಳತೆ ಗೊತ್ತಿದ್ದರೆ ಹೊಸದರ ಜೊತೆ ತಾಳೆ ನೋಡಬಹುದು. ಕಟ್ಟುವಾಗ ಏನಾದರೂ ಬಿಟ್ಟುಹೋದರೆ ಆಗಲೇ ಗೊತ್ತಾಗುತ್ತೆ.

ಇನ್ನೊಂದು ಮಾತು. ಮಸ್ಕತ್‌ನಲ್ಲಿ ನಾವು ಜಾಸ್ತಿ ಬಿಚ್ಚುತ್ತಿದ್ದದ್ದು ಅಮೆರಿಕನ್ ಬಾಕ್ಸು. ಜನರಲ್ ಮೋಟರ್ಸ್‌ನ 4ಎಲ್60ಇಗೆ 0.13ರಿಂದ 0.92 ಮಿ.ಮೀ. ಕ್ರೈಸ್ಲರ್‌ನ ಹಳೇ 727ಕ್ಕೆ 0.91ರಿಂದ 2.13. ನೋಡಿ, ಒಂದರ ಗರಿಷ್ಠ ಅಳತೆ ಎಲ್ಲಿ ಮುಗಿಯುತ್ತೋ ಇನ್ನೊಂದರದ್ದು ಅಲ್ಲಿಂದ ಶುರು. 727ರಲ್ಲಿ ಟಕ್ ಅಂದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ನಿಮ್ಮ ಬಾಕ್ಸಿನಲ್ಲಿ ಟಕ್ ಅಂದರೆ ಕೆಡಿಸಿಕೊಳ್ಳಬೇಕು.

ಮೂಡಿಗೆರೆ ತೋಟ (ಮಂಗಳವಾರ ಬೆಳಿಗ್ಗೆ 6:15)

ನಾನು ಮೆಕ್ಯಾನಿಕ್ ಅಲ್ಲ, ಬೆಳೆಗಾರ. ಆದರೂ ಬರೆಯಲೇಬೇಕು ಅನಿಸಿತು. ನಮ್ಮ ಮನೆ ಗಾಡಿಯ ಆಟೋಮ್ಯಾಟಿಕ್ ಬಾಕ್ಸನ್ನು ದೊಡ್ಡ ಊರಿನ ಒಂದು ವರ್ಕ್‌ಶಾಪಿನಲ್ಲಿ ಕಟ್ಟಿಸಿದ್ದೆ. ದುಡ್ಡು ಕಡಿಮೆ ಏನಲ್ಲ. ಎಂಟೇ ತಿಂಗಳಲ್ಲಿ ಚಾರ್ಮಾಡಿಯಲ್ಲಿ, ಮಳೆಯಲ್ಲಿ, ಹಿಂದಿನ ಸೀಟಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಗಾಡಿ ನಿಂತುಬಿಟ್ಟಿತು. ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಹಿಂದೆ ಲಾರಿಗಳ ಸಾಲು.

ಆಮೇಲೆ ಬೇರೆಯವರು ಬಿಚ್ಚಿ ತೋರಿಸಿದರು. ಒಂದು ವಾಷರ್ ಬ್ಲೇಡಿನ ಹಾಗೆ ತೆಳ್ಳಗಾಗಿತ್ತು. ಆಯಿಲ್ ಪ್ಯಾನಿನ ತಳದಲ್ಲಿ ಬೆಳ್ಳಿ ಪುಡಿ ತರ ಹೊಳೆಯುವ ಕೆಸರು. ಬೆರಳಲ್ಲಿ ಉಜ್ಜಿ ನೋಡಿದೆ, ಬೆರಳು ಪೂರ್ತಿ ಹೊಳೆಯಿತು. ಆ ಬೆರಳು ಇವತ್ತಿಗೂ ಕಣ್ಣ ಮುಂದೆ ಇದೆ. ಕಟ್ಟುವಾಗ ಯಾರೂ ಅಳತೆ ನೋಡಿರಲಿಲ್ಲ.

ಹಾಸನದ ತಮ್ಮಾ, ನಿಮ್ಮ ಕೈ ಅನುಮಾನ ಪಡ್ತಿದೆ ಅಂದ್ರೆ ದಯವಿಟ್ಟು ಮುಂದೆ ಹೋಗಬೇಡಿ. ಆ ಗಾಡಿಯಲ್ಲಿ ಕೂರುವವರು ಘಾಟಿ ಇಳಿದು ಹತ್ತುವ ಜನ.

ಮಲ್ನಾಡ್ ಕಾಲೇಜು ಮೆಕ್ಯಾನಿಕಲ್ (ಮಂಗಳವಾರ ಬೆಳಿಗ್ಗೆ 8:20)

ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳು, ಈಗ ಇನ್‌ಸ್ಪೆಕ್ಷನ್ ಕೆಲಸ. ದಿನಾ ಡಯಲ್ ಗೇಜ್ ಹಿಡಿಯುತ್ತೇನೆ. ನಿಮ್ಮ ಗೇಜ್ ಹೇಗೆ ನಿಲ್ಲಿಸಿದ್ದಿರಿ, ವಿವರವಾಗಿ ಹೇಳಿ ಸರ್. ಬಾಕ್ಸು ಮಲಗಿದೆಯಾ, ನಿಂತಿದೆಯಾ? ಮ್ಯಾಗ್ನೆಟ್ ಬೇಸ್ ಎಲ್ಲಿ ಕೂತಿದೆ? ಕೇಸು ಅಲ್ಯೂಮಿನಿಯಂ, ಅದಕ್ಕೆ ಮ್ಯಾಗ್ನೆಟ್ ಹಿಡಿಯಲ್ಲ. ಮೇಜಿನ ಮೇಲೆ ಬೇಸ್ ಇಟ್ಟಿದ್ದರೆ ಶಾಫ್ಟ್ ಎತ್ತುವಾಗ ಇಡೀ ಬಾಕ್ಸೇ ಕೂದಲೆಳೆಯಷ್ಟು ಎದ್ದು ಕೂರುತ್ತೆ. ಗೇಜ್ ಅದನ್ನೂ ಸೇರಿಸಿ ತೋರಿಸುತ್ತೆ.

ಗೇಜಿನ ಕಡ್ಡಿ ಶಾಫ್ಟಿನ ಉದ್ದಕ್ಕೆ ನೇರ ಇರಬೇಕು. ಓರೆ ಇದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ. 30 ಡಿಗ್ರಿ ಓರೆ ಆದರೆ ಸುಮಾರು 15 ಪರ್ಸೆಂಟ್ ಜಾಸ್ತಿ. ಆದರೆ ನಿಮ್ಮ ಅನುಮಾನ ಉಲ್ಟಾ. ಗೇಜ್ ಕಡಿಮೆ ತೋರಿಸ್ತಿದೆ ಅಂತ. ಅದಕ್ಕೇ ಕೇಳ್ತಿದ್ದೇನೆ.

ಬಿಎಂ ರೋಡ್ ಗ್ಯಾರೇಜ್, ಹಾಸನ (ಮಂಗಳವಾರ ಬೆಳಿಗ್ಗೆ 9:30)

ಮೇಡಂ, ಬಾಕ್ಸು ನಿಂತಿದೆ. ಮೇಜಿನ ಹಲಗೆಯಲ್ಲಿ ತೂತು ಕೊರೆದು ಹಿಂದಿನ ಭಾಗ ಕೆಳಗೆ ಇಳಿಬಿಟ್ಟಿದ್ದೇನೆ, ಇನ್‌ಪುಟ್ ಶಾಫ್ಟ್ ಮೇಲೆ ಬರುವ ಹಾಗೆ. ಬೆಲ್ ಹೌಸಿಂಗ್ ಬೋಲ್ಟ್ ಮಾಡುವ ತೂತಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿದೆ. ಅದರ ಮೇಲೆ ಮ್ಯಾಗ್ನೆಟ್ ಬೇಸ್. ಕಡ್ಡಿ ಶಾಫ್ಟಿನ ತುದಿಯ ಚಪ್ಪಟೆ ಜಾಗದ ಮೇಲೆ, ನೇರ. ಶಾಫ್ಟನ್ನು ಎರಡು ಸುತ್ತು ತಿರುಗಿಸಿ, ಕೆಳಗೆ ಒತ್ತಿ, ಸೊನ್ನೆ ಮಾಡಿದೆ. ಆಮೇಲೆ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ಬಟ್ಟೆ ಸುತ್ತಿ ಕ್ಲ್ಯಾಂಪ್ ಹಾಕಿ ಎತ್ತಿದೆ. ಮುಳ್ಳು 40ಕ್ಕೆ ಬಂದು ನಿಂತಿತು.

ಮಲ್ನಾಡ್ ಕಾಲೇಜು ಮೆಕ್ಯಾನಿಕಲ್ (ಮಂಗಳವಾರ ಬೆಳಿಗ್ಗೆ 9:50)

ಸೆಟಪ್ ಬಹಳ ಚೆನ್ನಾಗಿದೆ ಸರ್. ನಾನೂ ಹಾಗೇ ಮಾಡುತ್ತಿದ್ದೆ. ಹಾಗಾದರೆ ತಪ್ಪು ಓದಿನಲ್ಲಿ ಇರಬೇಕು, ಇಲ್ಲ ಹೊಸ ಸೀಲ್ ರಿಂಗುಗಳು ಹಿಡಿದುಕೊಂಡು ಪೂರ್ತಿ ಎತ್ತಲು ಬಿಡ್ತಿಲ್ಲ. ಐದು ಸಲ ಅಳೆಯಿರಿ. ಪ್ರತಿ ಸಲ ಶಾಫ್ಟನ್ನು ಮೂರನೇ ಒಂದು ಸುತ್ತು ತಿರುಗಿಸಿ. ಐದೂ ಬರೆದು ಹಾಕಿ.

ಬೇಲೂರು ಲೇತ್ (ಮಂಗಳವಾರ ಮಧ್ಯಾಹ್ನ 1:10)

ಗೇಜ್ 10 ಮಿಲಿಮೀಟರ್‌ದಾ? ಹಾಗಿದ್ದರೆ ದೊಡ್ಡ ಮುಳ್ಳು ಒಂದು ಸುತ್ತು ಬಂದರೆ 1 ಮಿ.ಮೀ. ಒಳಗಿನ ಚಿಕ್ಕ ಮುಳ್ಳು ಎಲ್ಲಿತ್ತು, ಎಲ್ಲಿಗೆ ಹೋಯಿತು?

ಬಿಎಂ ರೋಡ್ ಗ್ಯಾರೇಜ್, ಹಾಸನ (ಮಂಗಳವಾರ ಮಧ್ಯಾಹ್ನ 2:25)

ಯಜಮಾನ್ರೇ, ನಿಮಗೆ ಕೈ ಮುಗಿದೆ.

ನಿಮ್ಮ ಮಾತು ಓದಿ ಮತ್ತೆ ಹೋಗಿ ಅಳೆದೆ. ಹುಡುಗನಿಗೆ ಶಾಫ್ಟ್ ನಿಧಾನಕ್ಕೆ ಎತ್ತಲು ಹೇಳಿ ನಾನು ಗೇಜಿನ ಮೇಲೇ ಕಣ್ಣಿಟ್ಟೆ. ದೊಡ್ಡ ಮುಳ್ಳು 40 ದಾಟಿತು, 90 ದಾಟಿತು, ಸೊನ್ನೆ ದಾಟಿ ಮತ್ತೆ 40ಕ್ಕೆ ಬಂದು ನಿಂತಿತು. ಚಿಕ್ಕ ಮುಳ್ಳು ಒಂದು ಮನೆ ಸರಿದಿದೆ. ನಿನ್ನೆ ನಾನೇ ಎರಡೂ ಕೈಯಲ್ಲಿ ಎತ್ತುತ್ತಿದ್ದೆ. ಎತ್ತಿ ಆದ ಮೇಲೆ ಬಗ್ಗಿ ನೋಡುತ್ತಿದ್ದೆ. ಮುಳ್ಳು ಸುತ್ತು ಹೊಡೆದದ್ದು ಕಾಣಲೇ ಇಲ್ಲ.

ಮೇಡಂ ಹೇಳಿದ ಹಾಗೆ ಐದು ಸಲದ ಓದು: 1.40, 1.41, 1.40, 1.38, 1.40.

1.40 ಅಂದರೆ 0.9ಕ್ಕಿಂತ ಅರ್ಧ ಮಿಲಿಮೀಟರ್ ಜಾಸ್ತಿ. ಈಗ ಏನು ಮಾಡಲಿ?

ಅರಸೀಕೆರೆ ಸ್ಪ್ಯಾನರ್ (ಮಂಗಳವಾರ ಮಧ್ಯಾಹ್ನ 3:00)

ಸುಲಭ ಅಲ್ವಾ ಬ್ರದರ್. 1.40ರಲ್ಲಿ 0.80 ತಗ್ಗಿಸಿದರೆ 0.60 ಉಳಿಯುತ್ತೆ, ಸರಿಯಾಗಿ ಮಧ್ಯದಲ್ಲಿ. ಬೇಲೂರಿನವರ ಹತ್ತಿರ 0.80ರ ಒಂದು ಶಿಮ್ (ಸಂದು ತುಂಬುವ ತೆಳ್ಳನೆ ಬಿಲ್ಲೆ) ಲೇತಿನಲ್ಲಿ ಮಾಡಿಸಿ ಪಂಪಿನ ಹಿಂದೆ ಹಾಕಿ. ಸಂಜೆಗೆ ಕೆಲಸ ಮುಗೀತು. ಅಮೆರಿಕನ್ ಬಾಕ್ಸಿಗೆ ಬೇರೆ ಬೇರೆ ದಪ್ಪದ ವಾಷರ್ ಹಾಕಿ ಪ್ಲೇ ಸರಿ ಮಾಡ್ತಾರೆ ಅಂತ ನಾನೂ ನೋಡಿದ್ದೇನೆ.

ಬೇಲೂರು ಲೇತ್ (ಮಂಗಳವಾರ ಸಂಜೆ 5:40)

ಶಿಮ್ ನಾನು ಮಾಡಬಲ್ಲೆ. ಆದರೆ ಇದಕ್ಕೆ ಮಾಡಿಕೊಡಲ್ಲ.

ಅರ್ಧ ಮಿಲಿಮೀಟರ್ ಸುಮ್ನೆ ಎಲ್ಲಿಂದಲೋ ಬರಲ್ಲ. ಸವೆದು ಬಂದಿದ್ದರೆ ಸವೆದ ಗುರುತು ಇರಬೇಕು. ಹಾಸನದವರು ಹೊಸ ಪ್ಲೇಟು ಹಾಕಿದ್ದೇನೆ, ಪಂಪು ಒಳ್ಳೇದು ಅಂತಾರೆ. ಹಾಗಾದರೆ ಏನೋ ಒಂದು ಅದರ ಜಾಗದಲ್ಲಿ ಇಲ್ಲ. ನಾನು ಮಾಡಿಕೊಡುವ ಶಿಮ್ ಮೃದು ಕಬ್ಬಿಣ. ಸೂಜಿ ಬೇರಿಂಗ್ ಅದರ ಮೇಲೆ ಓಡಿದರೆ ಕಾಲುವೆ ಕೊರೆದು ಹಾಕುತ್ತೆ. ಬೇರಿಂಗ್ ಓಡಬೇಕಾದದ್ದು ಗಟ್ಟಿ ಮಾಡಿ ಗ್ರೈಂಡ್ ಮಾಡಿದ ರೇಸ್ ಅನ್ನೋ ಉಂಗುರದ ಮೇಲೆ. ಗೇಜ್ ಮಾತ್ರ 0.60 ತೋರಿಸುತ್ತೆ. ತಪ್ಪು ಹಾಗೇ ಒಳಗೆ ಉಳಿಯುತ್ತೆ, ಮೇಲೆ ಮುಚ್ಚಳ ಹಾಕಿದ ಹಾಗೆ. ಮೂಡಿಗೆರೆಯವರು ಬೆರಳಲ್ಲಿ ಉಜ್ಜಿ ನೋಡಿದರಲ್ಲ, ಆ ಪುಡಿ ಬರೋದು ಹೀಗೇ.

ಬಿಚ್ಚಿ, ಹುಡುಕಿ.

ಸಕಲೇಶಪುರ, ಮಸ್ಕತ್ 11 ವರ್ಷ (ಮಂಗಳವಾರ ಸಂಜೆ 7:15)

ಬೇಲೂರಿನ ಅಣ್ಣ ಹೇಳಿದ್ದು ನೂರಕ್ಕೆ ನೂರು. ಅರಸೀಕೆರೆಯವರೇ, ನೀವು ನೋಡಿದ್ದೂ ನಿಜ. 4ಎಲ್60ಇಯಲ್ಲಿ ಪಂಪ್ ಮತ್ತು ಡ್ರಮ್ ಮಧ್ಯೆ ಸೆಲೆಕ್ಟಿವ್ ವಾಷರ್ ಇದೆ. ಬೇರೆ ಬೇರೆ ದಪ್ಪದಲ್ಲಿ ಕಂಪನಿಯೇ ಕೊಡುತ್ತೆ. ಅಲ್ಲಿ ಅಳೆದು, ಲೆಕ್ಕ ಹಾಕಿ, ವಾಷರ್ ಬದಲಿಸೋದೇ ಕ್ರಮ. ಈ ಬಾಕ್ಸು ಹಾಗಲ್ಲ. ಇದೇ ಕುಟುಂಬದ ಎಡಬ್ಲ್ಯು4 ಬಾಕ್ಸು ಜೀಪ್ ಚೆರೊಕಿಯಲ್ಲಿ ಬರುತ್ತಿತ್ತು. ಅದಕ್ಕೂ 0.3ರಿಂದ 0.9. ಅಳತೆ ತಪ್ಪಿದರೆ ಜೋಡಣೆ ತಪ್ಪಿದೆ, ಇಲ್ಲ ಕೇಸೋ ಕ್ಲಚ್ ಭಾಗವೋ ಸವೆದಿದೆ, ಅಷ್ಟೇ ಅರ್ಥ. ಸರಿ ಮಾಡಿಕೊಳ್ಳೋಕೆ ಅಂತ ಅಲ್ಲಿ ವಾಷರ್ ಇಲ್ಲ.

ಎಲ್ಲಿ ಹುಡುಕಬೇಕು ಅಂತ ಹೇಳ್ತೀನಿ. ಎ340ರಲ್ಲಿ ಓವರ್‌ಡ್ರೈವ್ (ನಾಲ್ಕನೇ ಗೇರಿನ) ಭಾಗ ಎಲ್ಲಕ್ಕಿಂತ ಮುಂದೆ, ಪಂಪಿನ ಹಿಂದೆಯೇ ಇರುತ್ತೆ. ಇನ್‌ಪುಟ್ ಶಾಫ್ಟ್ ಸೇರುವುದು ಅದಕ್ಕೆ. ಅದರ ಹಿಂದೆ ಓವರ್‌ಡ್ರೈವ್ ಸಪೋರ್ಟ್ ಕೇಸಿಗೆ ಬಿಗಿದಿರುತ್ತೆ, ಗೋಡೆ ತರ. ಹಾಗಾಗಿ ನೀವು ಅಳೆದ ಪ್ಲೇ ಮುಂದಿನ ಕೋಣೆಯದ್ದು ಮಾತ್ರ. ಹಿಂದಿನ ಡ್ರಮ್ಮುಗಳನ್ನು ಮುಟ್ಟಬೇಡಿ. ಪಂಪಿನ ಬೆನ್ನಿಗೆ ಒಂದು ರೇಸ್, ಆಮೇಲೆ ಸೂಜಿ ಬೇರಿಂಗ್, ಆಮೇಲೆ ಡ್ರಮ್ ಕಡೆಗೆ ಇನ್ನೊಂದು ರೇಸ್ ಇರಬೇಕು. ಅಲ್ಲಿಂದ ಶುರು ಮಾಡಿ.

ಇನ್ನೊಂದು. ಹಳೇ ಪಂಪ್ ಎಲ್ಲಿದೆ? ಗುಜರಿಗೆ ಹೋಯ್ತಾ?

ಬಿಎಂ ರೋಡ್ ಗ್ಯಾರೇಜ್, ಹಾಸನ (ಮಂಗಳವಾರ ಸಂಜೆ 7:30)

ಇಲ್ಲ ಅಣ್ಣ. ಗಾಡಿ ಯಜಮಾನರಿಗೆ ತೋರಿಸಬೇಕು ಅಂತ ಟ್ರೇನಲ್ಲೇ ಇಟ್ಟಿದ್ದೇನೆ. ಈಗಲೇ ನೋಡ್ತೀನಿ.

ಬಿಎಂ ರೋಡ್ ಗ್ಯಾರೇಜ್, ಹಾಸನ (ಮಂಗಳವಾರ ರಾತ್ರಿ 9:05)

ಸಿಕ್ಕಿತು.

ಹಳೇ ಪಂಪಿನ ಬೆನ್ನು ನೋಡಿದೆ. ಮೊದಲ ನೋಟಕ್ಕೆ ಏನೂ ಇಲ್ಲ. ಸುಟ್ಟ ಆಯಿಲ್ ಮೆತ್ತಿ ಎಲ್ಲಾ ಒಂದೇ ಬಣ್ಣ. ಉಗುರಿನಿಂದ ಅಂಚು ಎಬ್ಬಿಸಲು ಹೋದರೆ ಬರಲಿಲ್ಲ. ಬ್ಲೇಡಿನ ತುದಿ ತೂರಿಸಿ ಮೆಲ್ಲಗೆ ಎತ್ತಿದೆ. ಪಿಟ್ ಅಂತ ಬಿಟ್ಟುಕೊಂಡಿತು. ಉಂಗುರದ ತರ ತೆಳ್ಳನೆ ರೇಸು, ಪಂಪಿನದೇ ಭಾಗ ಅನ್ನೋ ಹಾಗೆ ಅಂಟಿಕೊಂಡಿತ್ತು. ನಾನು ಪಂಪ್ ಬದಲಿಸಿದಾಗ ಅದು ಹಳೇದರ ಜೊತೆಗೇ ಹೋಗಿದೆ. ಹೊಸ ಪಂಪಿನ ಬೆನ್ನು ಬೋಳು. ಬೇರಿಂಗಿನ ಸೂಜಿಗಳು ನೇರ ಪಂಪಿನ ಮೇಲೇ ಕೂತಿದ್ದವು.

ಮೈಕ್ರೋಮೀಟರ್‌ನಲ್ಲಿ ನಾಲ್ಕು ಕಡೆ ಅಳೆದೆ. 0.80, 0.80, 0.81, 0.80.

ಮೂಡಿಗೆರೆ ತೋಟ (ಮಂಗಳವಾರ ರಾತ್ರಿ 9:20)

ನೀವು ಅನುಮಾನ ಪಟ್ಟಿದ್ದು ಒಳ್ಳೇದಾಯ್ತು. ಬಹಳ ಸಂತೋಷ.

ಅರಸೀಕೆರೆ ಸ್ಪ್ಯಾನರ್ (ಮಂಗಳವಾರ ರಾತ್ರಿ 9:45)

ನನ್ನ ಲೆಕ್ಕ 0.80 ಸರಿಯಾಗಿತ್ತು, ಸಲಹೆ ತಪ್ಪಾಗಿತ್ತು. ಒಪ್ಪಿಕೊಳ್ಳುತ್ತೇನೆ. ನಾನು ಹೇಳಿದ ಶಿಮ್ ಹಾಕಿದ್ದರೆ ಗೇಜ್ ಸರಿ ತೋರಿಸುತ್ತಿತ್ತು, ನಿಜವಾದ ರೇಸು ಗುಜರಿಗೆ ಹೋಗುತ್ತಿತ್ತು. ಬೇಲೂರಿನ ಯಜಮಾನ್ರೇ, ಥ್ಯಾಂಕ್ಸ್.

ಸಕಲೇಶಪುರ, ಮಸ್ಕತ್ 11 ವರ್ಷ (ಮಂಗಳವಾರ ರಾತ್ರಿ 10:10)

ಹಾಸನದವರೇ, ರೇಸ್ ಸಿಕ್ಕಿದ ಖುಷಿಯಲ್ಲಿ ಅವಸರ ಮಾಡಬೇಡಿ. ರೇಸಿನ ಓಡುವ ಮುಖದಲ್ಲಿ ಸೂಜಿ ಕೊರೆದ ಗುರುತು, ನೀಲಿ ಬಣ್ಣ ಇದೆಯಾ ನೋಡಿ. ಇದ್ದರೆ ಬೇರಿಂಗ್, ರೇಸು ಎರಡೂ ಹೊಸದು ತರಿಸಿ. ಇಲ್ಲದಿದ್ದರೆ ತೊಳೆದು ಹಾಕಿ. ಕಾಟನ್ ವೇಸ್ಟ್‌ನಲ್ಲಿ ಒರೆಸಬೇಡಿ. ಅದರ ನೂಲು ವಾಲ್ವ್ ಬಾಡಿಗೆ ಹೋದರೆ ಬೇರೆ ತಲೆನೋವು. ಗಾಳಿ ಹೊಡೆದು ಒಣಗಿಸಿ.

ಪಂಪಿನ ಬೆನ್ನಿಗೆ ರೇಸ್ ಅಂಟಿಸೋಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಅದು ಬಿಸಿ ಎಟಿಎಫ್‌ನಲ್ಲಿ, ಅಂದ್ರೆ ಆಟೋಮ್ಯಾಟಿಕ್ ಬಾಕ್ಸಿನ ಆಯಿಲ್‌ನಲ್ಲಿ, ಕರಗಿ ಹೋಗುತ್ತೆ. ವೀಲ್ ಬೇರಿಂಗ್ ಗ್ರೀಸ್ ಹಾಕಬೇಡಿ, ಅದು ಕರಗದೆ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತೆ. ರೇಸಿನ ತುಟಿ ಯಾವ ಕಡೆಗೆ ಅಂತ ಚಿತ್ರ ನೋಡಿಯೇ ಹಾಕಿ. ಉಲ್ಟಾ ಹಾಕಿದರೂ ಕೂರುತ್ತೆ, ಆದರೆ ನಡುವಿಗೆ ನಿಲ್ಲಲ್ಲ.

ಪಂಪ್ ಇಳಿಸುವಾಗ ಬೋಲ್ಟಿನಿಂದ ಎಳೆದು ಕೂರಿಸಬೇಡಿ. ಕೈಯಲ್ಲಿ ಒತ್ತಿದರೆ ಕೇಸಿಗೆ ಸಮ ಬರಬೇಕು. ಬರಲಿಲ್ಲ ಅಂದರೆ ಒಳಗೆ ಕ್ಲಚ್ ಪ್ಲೇಟು ಹಬ್ಬಿನ ಮೇಲೆ ಪೂರ್ತಿ ಇಳಿದಿಲ್ಲ. ಬೋಲ್ಟನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪ್ರತಿ ಸುತ್ತಿಗೂ ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿ. ತಿರುಗೋದು ನಿಂತರೆ ಆ ಕ್ಷಣವೇ ನಿಲ್ಲಿಸಿ. ಹಾಗೇ ಎಳೆದು ವಾಷರ್ ಮುರಿದವರನ್ನು, ಪಂಪ್ ಬಿರುಕು ಬಿಟ್ಟವರನ್ನು ನೋಡಿದ್ದೇನೆ.

ಕಡೂರು ಡ್ರೈವರ್ (ಮಂಗಳವಾರ ರಾತ್ರಿ 10:25)

ನಿನ್ನೆ ರಾತ್ರಿಯಿಂದ ಓದ್ತಾ ಇದ್ದೀನಿ. ನಮ್ಮಂಥ ಓಡಿಸೋರು ಬಾಕ್ಸು ಕಟ್ಟಿಸುವಾಗ ಮೆಕ್ಯಾನಿಕ್ ಹತ್ತಿರ ಏನು ಕೇಳಬೇಕು?

ಬೇಲೂರು ಲೇತ್ (ಮಂಗಳವಾರ ರಾತ್ರಿ 10:50)

ಬಿಚ್ಚುವ ಮೊದಲು ಎಷ್ಟಿತ್ತು, ಕಟ್ಟಿದ ಮೇಲೆ ಎಷ್ಟು ಬಂತು, ಎರಡೂ ಬಿಲ್ಲಿನ ಮೇಲೆ ಬರೆದುಕೊಡಿ ಅನ್ನಿ. ಅಳೆದವನು ಬರೆದುಕೊಡುತ್ತಾನೆ. ಬದಲಿಸಿದ ಹಳೇ ಸಾಮಾನು ಎಲ್ಲಾ ಕೇಳಿ ತಗೊಳ್ಳಿ.

ಬಿಎಂ ರೋಡ್ ಗ್ಯಾರೇಜ್, ಹಾಸನ (ಬುಧವಾರ ಸಂಜೆ 6:20)

ರೇಸಿನ ಮುಖ ಕನ್ನಡಿ ತರ ಇತ್ತು, ಗೀರಿಲ್ಲ. ತೊಳೆದು, ಜೆಲ್ಲಿ ಹಚ್ಚಿ, ತುಟಿ ನೋಡಿ ಕೂರಿಸಿದೆ. ಪಂಪು ಕೈಯಲ್ಲೇ ಕೇಸಿಗೆ ಸಮ ಬಂತು. ಪ್ರತಿ ಬೋಲ್ಟ್ ಸುತ್ತಿಗೂ ಶಾಫ್ಟ್ ತಿರುಗಿಸಿದೆ, ಎಲ್ಲೂ ಹಿಡಿಯಲಿಲ್ಲ.

ಈ ಸಲ ಹುಡುಗ ಎತ್ತಿದ, ನಾನು ಎರಡೂ ಮುಳ್ಳು ನೋಡಿದೆ. ಆಮೇಲೆ ನಾನು ಎತ್ತಿದೆ, ಅವನಿಗೆ ನೋಡಲು ಹೇಳಿದೆ. 0.60, 0.59, 0.60, 0.60, 0.61. ಎತ್ತಿ ಬಿಟ್ಟರೆ ಟಕ್ ಇಲ್ಲ. ಒಳಗೆ ಮೆತ್ತಗೆ ಕೂತ ಹಾಗಿದೆ.

ಕೇಸಿನ ಪಕ್ಕಕ್ಕೆ ಮಾರ್ಕರ್‌ನಲ್ಲಿ ತಾರೀಖು ಹಾಕಿ 0.60 ಅಂತ ಬರೆದಿದ್ದೇನೆ. ಬಿಲ್ಲಿನಲ್ಲೂ ಬರೆಯುತ್ತೇನೆ. ಮೊದಲಿನ ಅಳತೆ ಜಾಗದಲ್ಲಿ 'ನೋಡಿಲ್ಲ' ಅಂತಲೇ ಬರೆಯುತ್ತೇನೆ.

ಮಸ್ಕತ್ ಅಣ್ಣ, ಹಿಂದಿನ ಕಡೆ ಔಟ್‌ಪುಟ್ ಶಾಫ್ಟಿನ ಪ್ಲೇ ನಾನು ನೋಡೇ ಇಲ್ಲ. ಅದೂ ಬೇರೆ ಅಳೆಯಬೇಕಾ?

ಸಕಲೇಶಪುರ, ಮಸ್ಕತ್ 11 ವರ್ಷ (ಬುಧವಾರ ಸಂಜೆ 7:00)

ಅಳೆಯಲೇಬೇಕು. ಗೋಡೆಯ ಆ ಕಡೆಯ ಕೋಣೆ ಬೇರೆ, ಅದರ ಲೆಕ್ಕವೂ ಬೇರೆ. ಎಡಬ್ಲ್ಯು4ಕ್ಕೆ 0.27ರಿಂದ 0.86. ನಿಮ್ಮದಕ್ಕೆ ನಿಮ್ಮ ಮ್ಯಾನ್ಯುಯಲ್ ನೋಡಿ. ಬೆಳಿಗ್ಗೆ ಪಂಪ್ ಮತ್ತೆ ತೆಗೆಯಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ಭಾನುವಾರ ನಾನು ಹಾಸನಕ್ಕೆ ಬರ್ತೀನಿ, ಅಲ್ಲಿವರೆಗೆ ಕಾಯೋದಾದರೆ ಇಬ್ಬರೂ ಸೇರಿ ನೋಡೋಣ.

ಬಿಎಂ ರೋಡ್ ಗ್ಯಾರೇಜ್, ಹಾಸನ (ಬುಧವಾರ ಸಂಜೆ 7:08)

ಕಾಯ್ತೀನಿ ಅಣ್ಣ. ತೋಟದವರಿಗೆ ಈಗಲೇ ಫೋನ್ ಮಾಡಿ ಗಾಡಿ ಸೋಮವಾರ ಅಂತ ಹೇಳ್ತೀನಿ. ಬಾಕ್ಸಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿಟ್ಟಿದ್ದೇನೆ, ಹೊರಗೆ ಮಳೆ ಜೋರಾಗಿದೆ.